ಬಲಬಾಗಿಲಿನ ಹೆಸರು

ಅಮ್ಮ ಮತ್ತು ಮಾಮ ಒಡಹುಟ್ಟಿದವರು. ಒಂದೇ ಮನೆಯಲ್ಲಿದ್ದರು, ಒಂದೇ ಪಾತ್ರೆಯ ಅನ್ನ ಉಣ್ಣುತ್ತಿದ್ದರು. ಆದರೆ ಅವರ ನಡುವಿನ ಪ್ರತಿಯೊಂದು ಮಾತೂ ನನ್ನ ಬಾಯಿಂದಲೇ ದಾಟಬೇಕಿತ್ತು. ‘ನಿನ್ನ ಮಾಮನಿಗೆ ಹೇಳು, ಬಚ್ಚಲಲ್ಲಿ ನೀರು ಕಾದಿದೆ’, ‘ನಿನ್ನ ಮಾಮನಿಗೆ ಹೇಳು, ನಾಳೆ ಗ್ಯಾಸ್ ಬರ್ತದೆ, ಮನೆಯಲ್ಲಿ ಇರಲಿ’. ಮಾಮ ಎರಡು ಮಾರು ದೂರದಲ್ಲಿ ನಿಂತು ಕೇಳಿಸಿಕೊಂಡಿರುತ್ತಿದ್ದರು. ಆದರೂ ನಾನು ಹೋಗಿ ಇನ್ನೊಮ್ಮೆ ಹೇಳುವವರೆಗೆ ಅವರಿಗೆ ಅದು ಕೇಳಿದ ಲೆಕ್ಕಕ್ಕೆ ಬರುತ್ತಿರಲಿಲ್ಲ. ನನ್ನ ರಫ್ ಪುಸ್ತಕದ ಹಿಂದಿನ ಹಾಳೆಗಳಲ್ಲಿ ನಾನು ಇದನ್ನು ಬರೆದಿಡುತ್ತಿದ್ದೆ. ದಿನಕ್ಕೊಂದು ಸಾಲು, ಎರಡು ಕಾಲಂ. ಸೋಮವಾರ ಅಮ್ಮನಿಂದ ಮಾಮನಿಗೆ ಹದಿಮೂರು, ಮಾಮನಿಂದ ಅಮ್ಮನಿಗೆ ಎರಡು. ಮಂಗಳವಾರ ಒಂಬತ್ತು, ಸೊನ್ನೆ. ಅಜ್ಜಿ ಒಮ್ಮೆ ಆ ಪುಸ್ತಕ ನೋಡಿ ನಕ್ಕಿದ್ದಳು.

“ನೀನು ಈ ಮನೆಯ ಪೋಸ್ಟ್‌ಮ್ಯಾನ್ ಮಾರಾಯ್ತಿ. ಒಂದು ಖಾಕಿ ಅಂಗಿ ಹೊಲಿಸಿಕೋ, ನಿನ್ನ ಅಮ್ಮನೇ ಟೈಲರ್ ಅಲ್ವಾ.”

ಮನೆಯಲ್ಲಿ ನಾವು ತುಳು ಆಡುವವರು. ಇಲ್ಲಿ ಕನ್ನಡದಲ್ಲಿ ಬರೆದ ಮಾತುಗಳೆಲ್ಲ ತುಳುವಿನಲ್ಲಿ ಆಡಿದವು. ನನಗೆ ಆಗ ಹದಿಮೂರು ವರ್ಷ. ಅಮ್ಮ ಮಾಮನ ಜೊತೆ ಮಾತು ಬಿಟ್ಟು ಏಳು ವರ್ಷ.

ಮನೆ ಪಾಣೆಮಂಗಳೂರಿನಲ್ಲಿ, ಹಳೆಯ ಸೇತುವೆಯಿಂದ ನನ್ನ ಆಗಿನ ಹೆಜ್ಜೆಯಲ್ಲಿ ನಾನೂರ ಹತ್ತು ಹೆಜ್ಜೆ. ಎದುರಿಗೆ ಮಾಮನ ಪೈಂಟಿಂಗ್ ಶೆಡ್, ಅದರ ಬೆನ್ನಿಗೆ ಅಂಟಿಕೊಂಡ ಹಾಗೆ ಮನೆ. ಬಸ್ಸುಗಳಿಗೆ ಬಣ್ಣ ಹೊಡೆದು ಹೆಸರು ಬರೆಯುವುದು ಮಾಮನ ಕೆಲಸ. ಊರಿನ ಬೇರೆ ಮಕ್ಕಳು ಬಸ್ಸನ್ನು ಹೆಸರಿನಿಂದ ಗುರುತಿಸುತ್ತಿದ್ದರು. ನಾನು ಅಕ್ಷರದ ಬಾಲ ನೋಡಿ ಇದು ಮಾಮ ಬರೆದದ್ದು, ಇದು ಮೂಡುಬಿದಿರೆಯವರು ಬರೆದದ್ದು ಎನ್ನುತ್ತಿದ್ದೆ. ಮನೆಯೊಳಗೆ ಎಲ್ಲಿ ಕೂತರೂ ತಿನ್ನರಿನ ವಾಸನೆ. ಹಜಾರ, ಅದರಾಚೆ ನಡುಕೋಣೆ, ಆಮೇಲೆ ಅಡುಗೆಮನೆ. ಅಮ್ಮ ಮಾಮನ ಬಟ್ಟಲಿಗೆ ಬಡಿಸಿ ಅಡುಗೆಮನೆಯ ಹೊಸ್ತಿಲ ಮೇಲೆ ಇಡುತ್ತಿದ್ದಳು. ಮೀನಿನ ನಡುತುಂಡು ಯಾವಾಗಲೂ ಅದರಲ್ಲೇ ಇರುತ್ತಿತ್ತು, ಅಳತೆಯಲ್ಲಿ ಎಂದೂ ಕಡಿಮೆಯಾದದ್ದಿಲ್ಲ. ಆದರೆ ಬಟ್ಟಲನ್ನು ಅವಳ ಕೈಯಿಂದ ಮಾಮನ ಕೈಗೆ ಕೊಟ್ಟದ್ದನ್ನು ನಾನು ನೋಡಿಲ್ಲ. ಮಾಮ ಅದನ್ನು ಎತ್ತಿಕೊಂಡು ಶೆಡ್ಡಿನಲ್ಲಿ ಬಣ್ಣದ ಡಬ್ಬದ ಮೇಲೆ ಕೂತು ಉಣ್ಣುತ್ತಿದ್ದರು.

ಕಾರಣ ನನಗೆ ಗೊತ್ತಿತ್ತು, ಊರಿಗೂ ಗೊತ್ತಿತ್ತು. ಅಪ್ಪ ಮತ್ತು ಮಾಮನಿಗೆ ಕಾರಿನ ರ‍್ಯಾಲಿಯ ಹುಚ್ಚು. ಒಬ್ಬರನ್ನೊಬ್ಬರು ‘ಭಾವ’ ಎಂದು ಕರೆಯುತ್ತಿದ್ದುದರಿಂದ ತಮ್ಮ ತಂಡಕ್ಕೆ ‘ಭಾವ ರೇಸಿಂಗ್’ ಎಂದೇ ಹೆಸರಿಟ್ಟಿದ್ದರು. ಎರಡೇ ಜನರ ತಂಡ, ಒಂದೇ ಹಳೆಯ ಕಾರು. ನಾನು ಹುಟ್ಟುವ ವರ್ಷ ಅಪ್ಪ ರೇಸಿನಲ್ಲಿ ಕಾರು ಮಗುಚಿ ಹೆಗಲಿನ ಮೂಳೆ ಮುರಿದುಕೊಂಡಿದ್ದರಂತೆ. ಆಗ ಅಮ್ಮ ಅವರನ್ನು ಬೆಳುವಾಯಿಯಲ್ಲಿರುವ ಕುಟುಂಬದ ತರವಾಡು ಮನೆಗೆ ಕರೆದುಕೊಂಡು ಹೋಗಿ, ದೈವದ ಕೋಣೆಯ ಎದುರು ನಿಲ್ಲಿಸಿ, ಇನ್ನು ರೇಸಿನಲ್ಲಿ ಸ್ಟೇರಿಂಗ್ ಮುಟ್ಟುವುದಿಲ್ಲ ಎಂದು ಆಣೆ ಹಾಕಿಸಿದಳು. ಪಕ್ಕದ ಸೀಟಿನಲ್ಲಿ ಕೂತು ದಾರಿಯ ತಿರುವುಗಳನ್ನು ಓದಿ ಹೇಳಲಿಕ್ಕೆ ಅಡ್ಡಿಯಿಲ್ಲ ಎಂದು ಅವಳೇ ಬಿಟ್ಟುಕೊಟ್ಟದ್ದು. ಅಂದಿನಿಂದ ಓಡಿಸುವವರು ಮಾಮ, ಓದುವವರು ಅಪ್ಪ. ನನಗೆ ಆರು ವರ್ಷವಾದಾಗ ಬೆಳ್ತಂಗಡಿಯಾಚೆ ಒಂದು ರಬ್ಬರ್ ತೋಟದ ದಾರಿಯಲ್ಲಿ ಕಾರು ಎರಡು ಪಲ್ಟಿ ಹೊಡೆದು ಪಕ್ಕದ ಒಣಗಿದ ತೋಡಿಗೆ ಬಿತ್ತು. ಅಪ್ಪ ಅಲ್ಲೇ ತೀರಿಕೊಂಡರು. ಮಾಮನ ಎಡಗಾಲು ಸೊಟ್ಟಗಾಯಿತು. “ನನ್ನ ಕೈ ತಪ್ಪಿತು” ಎಂದು ಮಾಮ ಪೊಲೀಸರಿಗೆ ಹೇಳಿದರು, ಅಜ್ಜಿಗೆ ಹೇಳಿದರು, ಅಂಗಳದಲ್ಲಿ ನಿಂತು ಅಮ್ಮನಿಗೂ ಹೇಳಿದರು. ಅದು ಅವಳು ಅವರಿಂದ ನೇರವಾಗಿ ಕೇಳಿಸಿಕೊಂಡ ಕೊನೆಯ ಮಾತು.

ಇಂಥ ಮನೆಗೆ ಕಾರು ಓಡಿಸುವ ಆಟ ಬರಬಾರದಿತ್ತು. ಅಬುಧಾಬಿಯ ದೊಡ್ಡಮ್ಮ ತನ್ನ ಮಗ ಬಳಸಿ ಬಿಟ್ಟ ಗೇಮಿನ ಪೆಟ್ಟಿಗೆಯನ್ನು ರಜೆಯಲ್ಲಿ ಬಂದಾಗ ತಂದುಕೊಟ್ಟಳು. ಅದರಲ್ಲಿದ್ದದ್ದು ಅದೊಂದೇ ಆಟ. ಓಡಿಸುವುದರಲ್ಲಿ ನಾನು ಸೊನ್ನೆ. ಮೊದಲ ವಾರ ನಲವತ್ತೊಂದು ರೇಸು, ಮೂವತ್ತೆಂಟರಲ್ಲಿ ಕೊನೆಯ ಸ್ಥಾನ. ನನ್ನನ್ನು ಹಿಡಿದದ್ದು ಬೇರೆ. ಅದರಲ್ಲಿ ಕಾರಿಗೆ ನಾವೇ ಬಣ್ಣ ಬಳಿಯಬಹುದಿತ್ತು. ರೇಸಿನ ಕಾರಿನ ಮೈಮೇಲಿನ ಬಣ್ಣ, ಪಟ್ಟಿ, ಅಂಕಿ, ಹೆಸರು ಎಲ್ಲ ಸೇರಿ ಅದಕ್ಕೆ ಲಿವರಿ ಎನ್ನುತ್ತಾರೆ. ಹಳೆಯ ಹೆಸರಾಂತ ತಂಡಗಳ ಲಿವರಿಗಳನ್ನು ಜಗತ್ತಿನ ಎಲ್ಲೆಲ್ಲಿಯೋ ಕೂತವರು ಆ ಆಟದೊಳಗೆ ಮತ್ತೆ ಹುಟ್ಟಿಸುತ್ತಿದ್ದರು. ಸಿದ್ಧ ಚಿತ್ರ ತಂದು ಅಂಟಿಸಲಿಕ್ಕೆ ಬರುವುದಿಲ್ಲ. ಸಿಗುವುದು ವೃತ್ತ, ಚೌಕ, ತ್ರಿಕೋನ, ಕಮಾನು, ಇಂಗ್ಲಿಷ್ ಅಕ್ಷರ, ಅಷ್ಟೆ. ಅವುಗಳನ್ನು ಹಿಗ್ಗಿಸಿ, ಕುಗ್ಗಿಸಿ, ಒಂದರ ಮೇಲೊಂದು ಇಟ್ಟು ಎಲ್ಲವನ್ನೂ ಕಟ್ಟಬೇಕು. ಬಿಳಿ ಮೈಗೆ ಮೂರು ಬಣ್ಣದ ಪಟ್ಟಿಯಿದ್ದ ಒಂದು ಹಳೆಯ ವಿದೇಶಿ ತಂಡದ ಕಾರು ನನ್ನ ಮೊದಲನೆಯದು: ಹತ್ತೊಂಬತ್ತು ದಿನ, ಇನ್ನೂರ ಹನ್ನೆರಡು ಆಕಾರ. ಎರಡನೆಯದು ಕಪ್ಪು ಮೈ, ಬಂಗಾರದ ಗೆರೆ: ಹದಿನಾಲ್ಕು ದಿನ, ಮುನ್ನೂರ ಆರು.

ಮೊದಲನೆಯದರ ಪಟ್ಟಿ ಬಾಗಿಲಿನಿಂದ ಚಕ್ರದ ಕಡೆಗೆ ಬರುವಾಗ ಜೋತು ಬಿದ್ದ ಹಾಗೆ ಕಾಣುತ್ತಿತ್ತು. ಅಮ್ಮ ಬಂಟ್ವಾಳ ಪೇಟೆಯ ಟೈಲರ್ ಅಂಗಡಿಗೆ ಹೋಗಿದ್ದ ಹೊತ್ತು ಮಾಮ ಹಜಾರದ ಬಾಗಿಲಲ್ಲಿ ನಿಂತು ಟಿವಿ ನೋಡುತ್ತಿದ್ದರು.

“ನೀನು ಸ್ಕೇಲ್ ಹಿಡಿದ ಹಾಗೆ ಎಳೆದಿದ್ದೀ. ಕಾರಿನ ಮೈ ಎಂತ ಗೋಡೆಯಾ? ದೂರದಿಂದ ನೇರ ಕಾಣಬೇಕಾದರೆ ಹತ್ತಿರದಲ್ಲಿ ಸೊಟ್ಟ ಎಳೆಯಬೇಕು ಮಗಾ.”

ಎಷ್ಟು ಸೊಟ್ಟ ಎಂದು ಕೇಳಿದೆ. ಅವರು ಒಳಗೆ ಬಂದರು. ಬಣ್ಣ ಮೆತ್ತಿದ ಬೆರಳನ್ನು ಲುಂಗಿಗೆ ಒರಸಿ, ಟಿವಿಯ ಗಾಜಿಗೆ ತಾಗಿಸದೆ ಗಾಳಿಯಲ್ಲಿ ಗೆರೆ ಎಳೆದು ತೋರಿಸಿದರು. ಆಮೇಲೆ ಅಮ್ಮ ಇಲ್ಲದ ಹೊತ್ತು ನೋಡಿ ಬಂದರು. ಐದು ವಾರದಲ್ಲಿ ಇಪ್ಪತ್ತಾರು ಸಲ. ಇಪ್ಪತ್ತೇಳನೆಯ ಸಲ ಅಮ್ಮ ತಲೆನೋವೆಂದು ಬೇಗ ಬಂದಳು. ಗೇಮಿನ ರಿಮೋಟು ಮಾಮನ ಕೈಯಲ್ಲಿತ್ತು, ಕಾರು ಒಂದು ತಿರುವಿನಲ್ಲಿತ್ತು, “ಇಲ್ಲಿ ಬ್ರೇಕು ಬಿಡಬೇಕು” ಎನ್ನುತ್ತಿದ್ದರು. ಅಮ್ಮ ಗೋಡೆಯ ಸ್ವಿಚ್ಚು ಆರಿಸಿ ಒಳಗೆ ಹೋದಳು. ಮರುದಿನ ಬೆಳಿಗ್ಗೆ, ಆ ದಿನದ ಏಳನೆಯ ಮಾತಾಗಿ ನನ್ನ ಕೈಗೆ ಇದನ್ನು ಕೊಟ್ಟಳು.

“ನಿನ್ನ ಮಾಮನಿಗೆ ಹೇಳು. ಬೆಳ್ತಂಗಡಿಯ ಬಸ್ಸಿನ ಧಣಿಗಳು ಶೆಡ್ಡು, ರೂಮು ಎಲ್ಲ ಕೊಡ್ತೇನೆ ಅಂತ ಎಷ್ಟು ಸಲ ಕರೆದಿದ್ದಾರೆ. ಆಟಿ ತಿಂಗಳು ಮುಗಿದ ಮೇಲೆ ಅಲ್ಲಿಗೆ ಹೋಗಲಿ. ಈ ಮನೆಯಲ್ಲಿ ಇನ್ನೊಬ್ಬರು ಸ್ಟೇರಿಂಗ್ ಹಿಡಿಯುವುದು ಬೇಡ.”

ಹೇಳಿದೆ. ಮಾಮ ಬ್ರಷ್ಷನ್ನು ಡಬ್ಬದ ಅಂಚಿಗೆ ಒರಸಿ, “ಆಯ್ತು ಅಂತ ಹೇಳು” ಎಂದರು. ಆ ದಿನ ಎರಡನೆಯ ಕಾಲಮ್ಮಿನಲ್ಲಿ ಒಂದು.

ನನ್ನ ಆಟದಿಂದಾಗಿ ಮಾಮ ಮನೆ ಬಿಡುವಂತಾಯಿತು ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಸರಿಮಾಡಬೇಕಾದವಳೂ ನಾನೇ. ಹದಿಮೂರು ವರ್ಷದ ತಲೆಗೆ ಹೊಳೆದದ್ದು ಒಂದೇ ದಾರಿ: ಅಪ್ಪನ ಕಾರನ್ನು ಕಟ್ಟುವುದು. ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮಲ್ಲಿ ತೀರಿಕೊಂಡವರಿಗೆ ಎಲೆ ಹಾಕಿ ಅಗೆಲು ಬಡಿಸುತ್ತಾರೆ. ಆ ದಿನ ಅಮ್ಮನ ಮನಸ್ಸು ಮೆತ್ತಗಿರುತ್ತದೆ. ಆಗ ತೋರಿಸಿದರೆ, ಇದನ್ನು ಕಟ್ಟಲು ಕಲಿಸಿದ್ದು ಮಾಮ ಎಂದು ಹೇಳಿದರೆ, ಮಾಮ ಹೋಗುವುದು ಬೇಡ ಎಂದು ಅವಳು ಹೇಳಬಹುದು. ಅಜ್ಜಿ ಪೆಟ್ಟಿಗೆಯಿಂದ ಕಾರಿನ ಎರಡು ಫೋಟೋ ತೆಗೆದುಕೊಟ್ಟಳು. ಹಳದಿ ಮೈ, ಕುಂಕುಮ ಬಣ್ಣದ ಪಟ್ಟಿ, ಬಾನೆಟ್ಟಿನ ಮೇಲೆ ತಂಡದ ಹೆಸರು. ಎರಡೂ ಎಡಗಡೆಯಿಂದ ತೆಗೆದವು; ಅಪ್ಪ ಕೂರುವ ಬದಿಯಿಂದ, ಅಮ್ಮನೇ ತೆಗೆದದ್ದು. ಎಡಬಾಗಿಲಿನಲ್ಲಿ ಮಾಮನ ಕೈಬರಹದಲ್ಲಿ ‘ರಮೇಶ’ ಎಂದಿತ್ತು. ಆಟದಲ್ಲಿದ್ದದ್ದು ಇಂಗ್ಲಿಷ್ ಅಕ್ಷರ ಮಾತ್ರ. ಕನ್ನಡದ ಮೂರು ಅಕ್ಷರಕ್ಕೆ ಐವತ್ತೇಳು ವೃತ್ತ, ಕಮಾನು ಬೇಕಾಯಿತು. ‘ಮೇ’ ಒಂದಕ್ಕೇ ನಾಲ್ಕು ದಿನ. ಎಡಬದಿ ಮುಗಿದ ಮೇಲೆ ಅದನ್ನು ಬಲಬದಿಗೆ ಪಡಿಯಚ್ಚು ಮಾಡಿದೆ. ಬಲಬಾಗಿಲಿನಲ್ಲಿ ಓಡಿಸುವವರ ಹೆಸರಿರಬೇಕು, ಅಲ್ಲಿ ‘ದಿವಾಕರ’ ಎಂದು ಮಾಮನ ಹೆಸರಿದ್ದಿರಬೇಕು ಎಂದು ನನಗೆ ತಿಳಿದಿತ್ತು. ಆದರೆ ಆ ಹೆಸರು ಕಂಡರೆ ಅಮ್ಮ ಸ್ವಿಚ್ಚು ಆರಿಸುತ್ತಾಳೆ. ಹಾಗಾಗಿ ಬಲಕ್ಕೂ ಅಪ್ಪನ ಹೆಸರನ್ನೇ ಹಾಕಿದೆ. ಪಡಿಯಚ್ಚಿನಲ್ಲಿ ತಿರುಗುಮುರುಗಾದ ಅಕ್ಷರಗಳನ್ನು ಒಂದೊಂದಾಗಿ ನೆಟ್ಟಗೆ ಮಾಡಿದೆ.

ಆಟಿ ಹನ್ನೊಂದು, ಶನಿವಾರ, ಮಧ್ಯಾಹ್ನ ಮೂರು ಮುಕ್ಕಾಲು. ಅಮ್ಮ ಅಂಗಡಿಯಲ್ಲಿ, ಅಜ್ಜಿ ನಡುಕೋಣೆಯಲ್ಲಿ ಮಲಗಿದ್ದಳು. ಮಾಮನನ್ನು ಕರೆದು ಕಾರನ್ನು ತೋರಿಸಿದೆ. ಎಡಬದಿ ನೋಡಿ ಅವರು ಬಾಯಿ ಮೇಲೆ ಕೈ ಇಟ್ಟುಕೊಂಡರು. ನಾನು ಕಾರನ್ನು ತಿರುಗಿಸಿದೆ. ಬಲಬಾಗಿಲು ಬಂದಾಗ ಮಾಮ ಹಿಂದೆ ಸರಿದರು. ಸೊಟ್ಟ ಕಾಲು ಹೊಸ್ತಿಲಿಗೆ ತಾಗಿ ಬಾಗಿಲ ಚೌಕಟ್ಟು ಹಿಡಿದುಕೊಂಡರು.

“ಇದನ್ನು ನಿನಗೆ ಯಾರು ಹೇಳಿದ್ದು?”

“ಎಂಥದ್ದು ಮಾಮ?”

“ಬಲದ ಬಾಗಿಲಿನಲ್ಲಿ ಭಾವನ ಹೆಸರು ಇದ್ದದ್ದು. ಅಲ್ಲಿ ನಾವಿಬ್ಬರೇ ಇದ್ದದ್ದಲ್ಲ?”

ಯಾರೂ ಹೇಳಿಲ್ಲ, ಅಮ್ಮನಿಗೆ ಬೇಜಾರಾಗಬಾರದೆಂದು ನಾನೇ ಹಾಕಿದ್ದು ಎಂದೆ. ಅವರು ಕೆಳಗೆ ಕೂತುಬಿಟ್ಟರು. ಅಲ್ಲಿಗೆ ನಿಲ್ಲಿಸಬಹುದಿತ್ತು, ಆದರೆ ಏಳು ವರ್ಷ ಬಾಯಲ್ಲಿ ಇಟ್ಟುಕೊಂಡದ್ದು ಅರ್ಧ ಹೊರಗೆ ಬಂದಾಗಿತ್ತು.

“ಆ ರ‍್ಯಾಲಿಯಲ್ಲಿ ಎರಡು ಸ್ಟೇಜ್ ಮುಗಿಯುವಾಗ ನನ್ನ ಮಣಿಕಟ್ಟು ಬಾತುಕೊಂಡಿತ್ತು ಮಗಾ. ಗೇರು ಹಾಕಲಿಕ್ಕೆ ಆಗ್ತಾ ಇರಲಿಲ್ಲ. ಮನೆಗೆ ಹೋಗುವ ಅಂದೆ. ಭಾವ ಕೇಳಲಿಲ್ಲ. ಒಂದು ಸ್ಟೇಜ್ ನಾನು ಓಡಿಸ್ತೇನೆ, ಹೆಲ್ಮೆಟ್ ಹಾಕಿದ ಮೇಲೆ ಯಾರಿಗೆ ಗೊತ್ತಾಗ್ತದೆ ಅಂದ. ನನ್ನ ಶೂ ಸಹ ಕೇಳಿ ಹಾಕಿಕೊಂಡ, ತೆಳು ಅಡಿಯದ್ದು ಅಂತ. ಬಾಗಿಲಿಡೀ ಕೆಂಪು ಧೂಳು, ನನ್ನ ಹೆಸರು ಕಾಣ್ತಾ ಇರಲಿಲ್ಲ. ಅವ ಬೆರಳಲ್ಲಿ ಧೂಳಿನ ಮೇಲೆ ತನ್ನ ಹೆಸರು ಬರೆದ. ನಗಾಡಿಕೊಂಡು ಬರೆದ.”

“ಮತ್ತೆ ನೀವು ಯಾಕೆ…”

“ತೋಡಿನಿಂದ ಎಳೆದು ಮೇಲೆ ಹಾಕುವಾಗ ಉಸಿರಿತ್ತು. ವಾರಿಜಳಿಗೆ ಹೇಳಬೇಡ ಅಂದ, ನಿನ್ನ ಅಮ್ಮನಿಗೆ. ಜನ ಬರುವ ಮೊದಲು ಬಾಗಿಲು ಒರಸಿದೆ.” ಮಾಮ ಅಂಗೈ ನೋಡಿಕೊಂಡರು. “ಅವಳು ಆಣೆ ಹಾಕಿಸಿದ್ದಳು. ಅವ ಮುರಿದ, ಅದೇ ದಿನ ಸತ್ತ. ಇದು ಗೊತ್ತಾದರೆ ಅವಳು ಎಂತ ತಿಳಿದುಕೊಳ್ತಾಳೆ ಹೇಳು? ತಾನು ಹಾಕಿಸಿದ ಆಣೆಯೇ ಗಂಡನನ್ನು ತೆಗೆದುಕೊಂಡಿತು ಅಂತ. ನನ್ನ ಮೇಲೆ ಸಿಟ್ಟಿದ್ದರೆ ಅವಳು ಊಟ ಮಾಡ್ತಾಳೆ, ಕೆಲಸಕ್ಕೆ ಹೋಗ್ತಾಳೆ. ಅದನ್ನು ತೆಗೆದರೆ ಅವಳಲ್ಲಿ ಎಂತ ಉಳೀತದೆ?”

“ಆದ್ರೆ ನೀವು ಬೆಳ್ತಂಗಡಿಗೆ ಹೋಗ್ಬೇಕಾಗ್ತದೆ.”

“ಹೋಗ್ತೇನೆ. ಬೆಳ್ತಂಗಡಿ ಎಂತ ದುಬೈಯಾ? ಆ ಹೆಸರು ತೆಗೆದು ನನ್ನದು ಹಾಕು. ಅಮ್ಮನಿಗೆ ಒಂದು ಅಕ್ಷರ ಹೇಳಬಾರದು.”

ನಾನು ಹೂಂ ಎಂದೆ. ಹೆಸರು ಮಾತ್ರ ತೆಗೆಯಲಿಲ್ಲ. ನಿಜ ಗೊತ್ತಾದರೆ ಅಮ್ಮ ಮಾಮನನ್ನು ಉಳಿಸಿಕೊಳ್ಳುತ್ತಾಳೆ ಎಂದು ನನಗೆ ಖಾತ್ರಿಯಿತ್ತು. ಏಳು ದಿನ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಇಬ್ಬರ ನಡುವೆ ಓಡಾಡಿದೆ. ಆ ವಾರ ಒಟ್ಟು ಎಪ್ಪತ್ತೆರಡು ಮಾತು ದಾಟಿಸಿದ್ದೆ. ಉಪ್ಪು, ನೀರು, ಕರೆಂಟು ಬಿಲ್ಲು, ಟೊಪ್ಪಿ. ಒಂದರಲ್ಲೂ ಅದಿರಲಿಲ್ಲ.

ಅಗೆಲು ಆಟಿ ಹದಿನೆಂಟಕ್ಕೆ. ಸಂಜೆ ದೀಪ ಹಚ್ಚಿದ ಮೇಲೆ ಅಮ್ಮ ನಡುಕೋಣೆಯಲ್ಲಿ ಬಾಳೆಲೆ ಹಾಕಿದಳು. ಕುಚ್ಚಲಕ್ಕಿ ಅನ್ನ, ಕೋರಿ ರೊಟ್ಟಿ, ಕೋಳಿ ಸಾರು, ಹುರಿದ ಒಣಮೀನು, ಅಪ್ಪನಿಗೆ ಇಷ್ಟವೆಂದು ಒಂದು ಬಾಟಲಿ ಜೀರಾ ಸೋಡಾ, ಮುಚ್ಚಳ ತೆಗೆದು. ಆಮೇಲೆ ಬಾಗಿಲು ಮುಚ್ಚಿದಳು. ತೀರಿಕೊಂಡವರು ಬಂದು ಉಂಡು ಮುಗಿಸುವವರೆಗೆ ಮನೆಯವರು ಹೊರಗೆ ಸದ್ದಿಲ್ಲದೆ ಕೂರಬೇಕು. ಒಳಗೆ ಹೋಗುವ ಮೊದಲು ಬಾಗಿಲು ತಟ್ಟಬೇಕು. ಮಾಮನಿಗೆ ಆ ಕೂರುವ ಜಾಗವೂ ಇರಲಿಲ್ಲ, ಅವರು ಶೆಡ್ಡಿನಲ್ಲಿದ್ದರು. ಅಜ್ಜಿ ಗೋಡೆಗೆ ಒರಗಿ ತೂಕಡಿಸಿದಳು. ನಾನು ಸದ್ದು ಪೂರ್ತಿ ತಗ್ಗಿಸಿ ಟಿವಿ ಹಾಕಿದೆ. ಕತ್ತಲ ಹಜಾರದಲ್ಲಿ ಹಳದಿ ಕಾರು ಬಂದು ನಿಂತಿತು.

ಅಮ್ಮ ಎದ್ದು ಹತ್ತಿರ ಬಂದಳು. ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಅವಳು ಎಡಬಾಗಿಲಿನ ಹೆಸರನ್ನು ನೋಡಿದಳು, ಪಟ್ಟಿಯನ್ನು ನೋಡಿದಳು, “ಪಟ್ಟಿಯ ಬಣ್ಣ ಇದೇ” ಎಂದಳು. ನಾನು ಕಾರನ್ನು ನಿಧಾನ ತಿರುಗಿಸಿದೆ. ಬಲಬಾಗಿಲು ಬಂತು. ಅವಳು ಅದನ್ನು ಓದಿ ಮುಚ್ಚಿದ ಕೋಣೆಯ ಕಡೆ ತಿರುಗಿದಳು, ಮತ್ತೆ ನನ್ನ ಕಡೆ ನೋಡಿದಳು.

“ಆ ಹೆಸರು ತೆಗೆ,” ಎಂದಳು ಪಿಸುದನಿಯಲ್ಲಿ. “ಅಲ್ಲಿ ನಿನ್ನ ಮಾಮನದ್ದು ಹಾಕು.”

“ಇದೇ ನಿಜ ಅಮ್ಮ. ಮಾಮನೇ ನನಗೆ…”

“ನಿಜ ಅಂತ ಗೊತ್ತುಂಟು.”

ಅವಳೇ ಹೇಳಿದಳು, ಟಿವಿಯನ್ನೇ ನೋಡಿಕೊಂಡು, ಅಂಗಡಿಯಲ್ಲಿ ಅಳತೆ ಹೇಳುವ ಸ್ವರದಲ್ಲಿ.

“ಆಸ್ಪತ್ರೆಯಿಂದ ಅಪ್ಪನ ಬಟ್ಟೆಯ ಕಟ್ಟು ಕೊಟ್ಟರು. ಅದರಲ್ಲಿ ಇದ್ದದ್ದು ಅಣ್ಣನ ಶೂ. ಬದಿ ಬಿಟ್ಟಾಗ ನಾನೇ ನೀಲಿ ನೂಲಿನಲ್ಲಿ ಹೊಲಿದುಕೊಟ್ಟದ್ದು. ಓಡಿಸುವಾಗ ಬಿಟ್ಟರೆ ಅಣ್ಣ ಅದನ್ನು ಹಾಕುವವನಲ್ಲ. ಬಚ್ಚಲ ಒಲೆಗೆ ಹಾಕಿದೆ. ಸುಟ್ಟು ಹೋಗಲಿಕ್ಕೆ ತುಂಬ ಹೊತ್ತು ಹಿಡಿಯಿತು.”

ಅವಳ ಬಾಯಲ್ಲಿ ‘ಅಣ್ಣ’ ಎಂಬುದನ್ನು ನಾನು ಕೇಳಿದ್ದು ಅದೇ ಮೊದಲು.

“ಹಾಗಾದರೆ ಮಾಮನ ಹತ್ತಿರ ಯಾಕೆ ಮಾತಾಡುವುದಿಲ್ಲ?”

“ಎಂತ ಮಾತು ಶುರು ಮಾಡಿದರೂ ಅಲ್ಲಿಗೇ ಬಂದು ನಿಲ್ತದೆ. ಆಣೆ ಹಾಕಿಸಿದ್ದು ನಾನು. ಅಣ್ಣ ಓಡಿಸಿದ್ದು ಅಂತ ಇಟ್ಟುಕೊಂಡರೆ ಬೆಳಿಗ್ಗೆ ಏಳಲಿಕ್ಕಾದರೂ ಆಗ್ತದೆ.”

“ಮಾಮ ಹೋಗುವುದು ಬೇಡ ಅಂತ ಹೇಳು ಅಮ್ಮ. ನೀನೇ ಹೇಳು.”

“ಹೋಗಲಿ. ಅವನು ಕಣ್ಣೆದುರಿದ್ದಷ್ಟು ದಿನ ಸುಳ್ಳು ಸಿಟ್ಟು ಮಾಡ್ತಾ ಇರಬೇಕು ನಾನು. ಆ ಬಟ್ಟಲು ಹೊಸ್ತಿಲ ಮೇಲೆ ಇಡುವಾಗಲೆಲ್ಲ. ಏಳು ವರ್ಷ ಆಯ್ತು, ಕೈ ಸೋತಿತು. ನನಗೆ ಗೊತ್ತುಂಟು ಅಂತ ಅವನಿಗೆ ಗೊತ್ತಾಗಬಾರದು. ಇಷ್ಟು ವರ್ಷ ಹೊತ್ತದ್ದು ಯಾವುದಕ್ಕೂ ಅಲ್ಲ ಅಂತ ಆಗಿಬಿಡ್ತದೆ ಅವನಿಗೆ.”

ಆಮೇಲೆ ಹೋಗಿ ನಡುಕೋಣೆಯ ಬಾಗಿಲನ್ನು ಮೂರು ಸಲ ತಟ್ಟಿದಳು.

ಮಾಮ ಈಗಿಲ್ಲ. ಅವರು ತೀರಿಕೊಂಡ ಮೇಲೆ ಅಮ್ಮನೇ, ಇನ್ನು ಬೇಕಾದರೆ ಬರೆ ಎಂದಳು. ಇಲ್ಲವಾದರೆ ಇದನ್ನು ಬರೆಯುತ್ತಿರಲಿಲ್ಲ. ಆ ತಿಂಗಳಿನ ಬಗ್ಗೆ ನನ್ನ ಪುಸ್ತಕದಲ್ಲಿ ಆಗ ಬರೆದದ್ದು ಮಾತುಗಳ, ಆಕಾರಗಳ ಎಣಿಕೆ ಮಾತ್ರ.

ಮಾಮನ ಹೆಸರು ಕಟ್ಟಲು ನಾಲ್ಕು ದಿನ ಸಾಕಾಯಿತು. ಕೊನೆಯ ‘ರ’ಕ್ಕೆ ಅಪ್ಪನ ಮೊದಲ ಅಕ್ಷರವನ್ನೇ ಎತ್ತಿಟ್ಟೆ. ‘ಮೇ’ಯಿಂದ ಏತ್ವ, ದೀರ್ಘ ತೆಗೆದು, ಬಲದ ಸುರುಳಿ ಬಿಚ್ಚಿದರೆ ‘ವಾ’ಕ್ಕೆ ಬೇಕಾದ ಹೆಚ್ಚಿನ ಭಾಗ ಸಿಕ್ಕಿತು. ಹೊಸದಾಗಿ ಮಾಡಬೇಕಾಗಿದ್ದದ್ದು ‘ದಿ’ ಮತ್ತು ‘ಕ’. ಒಟ್ಟು ಅರವತ್ತಮೂರು. ಆಟಿ ಇಪ್ಪತ್ಮೂರು, ಗುರುವಾರ, ಶಾಲೆಗೆ ರಜೆ. ಬೆಳಿಗ್ಗೆ ಮಾಮನನ್ನು ಕರೆದೆ. ಅಮ್ಮ ಮನೆಯಲ್ಲಿದ್ದಳು, ಆದರೂ ಅವರು ಹಜಾರದೊಳಗೆ ಬಂದರು. ಬಲಬಾಗಿಲನ್ನು ನೋಡಿದರು. ಅವರ ಹೆಗಲು ಇಳಿಯಿತು, ಭಾರದ ಏಣಿಯನ್ನು ಗೋಡೆಗೆ ಒರಗಿಸಿ ಬಿಟ್ಟವರ ಹಾಗೆ.

“ಈಗ ಸರಿ ಉಂಟು,” ಎಂದರು. “‘ಕ’ ಸ್ವಲ್ಪ ದಪ್ಪ ಆಯಿತು. ಅಡ್ಡಿಯಿಲ್ಲ, ನನ್ನದೂ ಹಾಗೆಯೇ ಬರುತ್ತಿತ್ತು.”

ಅಡುಗೆಮನೆಯಲ್ಲಿ ಅಮ್ಮ ನೀರಿನ ನಳ್ಳಿ ನಿಲ್ಲಿಸಿದಳು. ಒದ್ದೆ ಕೈ ಸೆರಗಿಗೆ ಒರಸುತ್ತ ಬಂದು ಮಾಮನ ಹಿಂದೆ, ಎರಡು ಹೆಜ್ಜೆ ಬಿಟ್ಟು ನಿಂತಳು. ಮಾಮ ತಿರುಗಲಿಲ್ಲ. ಇಬ್ಬರೂ ಅಪ್ಪನ ಕಾರನ್ನು ನೋಡುತ್ತಿದ್ದರು, ಇಬ್ಬರಿಗೂ ಆ ಹೆಸರು ಸುಳ್ಳೆಂದು ಗೊತ್ತಿತ್ತು, ಇಬ್ಬರಿಗೂ ಅದು ಅಲ್ಲೇ ಇರಬೇಕಿತ್ತು. ಉಳಿಸುವ ಗುಂಡಿ ಒತ್ತಿದೆ. ಮೊದಲು ಮಾಡಿದ್ದು ಅಳಿಸಿಹೋಗುತ್ತದೆ, ಮತ್ತೆ ಸಿಗುವುದಿಲ್ಲ, ಮುಂದುವರಿಯಲೇ ಎಂದು ಆಟ ಕೇಳಿತು. ನಾನು ತಿರುಗಿ ಇಬ್ಬರನ್ನೂ ನೋಡಿದೆ.

“ಒತ್ತು ಮಗಾ,” ಎಂದರು ಮಾಮ.

ಅಮ್ಮ ಹೂಂ ಎಂಬಂತೆ ತಲೆಯಾಡಿಸಿದಳು. ಒತ್ತಿದೆ.